ಕೊಳವೆಯೊಳಗಿನ ಒಂದು ಡಿಗ್ರಿ

ಕೊಯಮತ್ತೂರು ಜಿಲ್ಲೆಯ ಇರುಗೂರಿನಿಂದ ಬೆಂಗಳೂರು ಹತ್ತಿರದ ದೇವನಗೊಂದಿಗೆ ಇಂಧನ ತರಲು ಭಾರತ್ ಪೆಟ್ರೋಲಿಯಂ ಯೋಜಿಸಿದ ಕೊಳವೆಮಾರ್ಗವನ್ನು ಹೊಲದಲ್ಲಿ ಹಾಯಿಸಬೇಡಿ, ರಸ್ತೆಯ ಬದಿಯಲ್ಲಿ ಒಯ್ಯಿರಿ ಎಂದು ತಿರುಪ್ಪೂರು ಕಡೆಯ ರೈತರು ಪಟ್ಟು ಹಿಡಿದಿದ್ದಾರೆ. ಕೊಳವೆ ಎಲ್ಲೇ ಹಾಯಲಿ, ಎಣ್ಣೆ ಬಿಡುವ ಮುನ್ನ ಒಂದು ಪರೀಕ್ಷೆ ತಪ್ಪದು. ಅದರ ತುಂಬ ನೀರು ತುಂಬಿ, ಮುಂದೆ ಬರಲಿರುವ ಗರಿಷ್ಠ ಒತ್ತಡಕ್ಕಿಂತ ಕಾಲುಪಾಲಾದರೂ ಹೆಚ್ಚು ಒತ್ತಡ ಹೇರಿ, ನಮ್ಮ ದೇಶದ ರೂಢಿಯಂತೆ 24 ಗಂಟೆ ಹಿಡಿದಿಡುತ್ತಾರೆ. ಅಮೆರಿಕದಲ್ಲಿ ಇದು 8 ಗಂಟೆಗೆ ಮುಗಿಯುತ್ತದೆ. ಹಾಗಾದರೆ ನಾವೂ ಬೇಗ ಮುಗಿಸಬಾರದೇ? ಮುಗಿಸಬಹುದು. ಆದರೆ ಆ ವೇಗವನ್ನು ಗಡಿಯಾರದಿಂದ ಕದಿಯಬಾರದು, ಥರ್ಮಾಮೀಟರಿನಿಂದ ಗಳಿಸಬೇಕು.

ಉಕ್ಕಿನ ಬಲ ತಿಳಿಯಲು ಕೆಲವು ನಿಮಿಷ ಸಾಕು. ದುರ್ಬಲ ಬೆಸುಗೆ ಅಷ್ಟರಲ್ಲೇ ಬಾಯಿಬಿಡುತ್ತದೆ. ಉಳಿದ ಕಾಲವೆಲ್ಲ ಕಣ್ಣಿಗೆ ಕಾಣದ ಸಣ್ಣ ಸೋರಿಕೆಯನ್ನು ಹಿಡಿಯಲಿಕ್ಕೆ. ಒತ್ತಡ ಇಳಿದರೆ ಸೋರಿಕೆ, ಇಳಿಯದಿದ್ದರೆ ಕ್ಷೇಮ ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ಅದು ಶುದ್ಧ ತಪ್ಪು. ಬಿಗಿಯಾಗಿ ಮುಚ್ಚಿದ ಕೊಳವೆಯಲ್ಲಿ ನೀರಿಗೆ ಹಿಗ್ಗಲು ಜಾಗವಿಲ್ಲ. 30 ಡಿಗ್ರಿ ಆಸುಪಾಸಿನಲ್ಲಿ ನೀರು ಒಂದೇ ಡಿಗ್ರಿ ತಣಿದರೂ ಒತ್ತಡ ಸುಮಾರು 3–4 ಬಾರ್ ಕುಸಿಯುತ್ತದೆ, ಒಂದು ಹನಿಯೂ ಸೋರದೆ! ಒಂದು ಡಿಗ್ರಿ ಬೆಚ್ಚಗಾದರೆ ನಿಜವಾದ ಸೋರಿಕೆಯೇ ಮರೆಯಾಗುತ್ತದೆ. ಇದರೊಳಗೆ ಇನ್ನೂ ಸೊಗಸಾದ ಸಂಗತಿಯಿದೆ. ನೀರು 4 ಡಿಗ್ರಿಯಲ್ಲಿ ಅತ್ಯಂತ ಸಾಂದ್ರ. ಅಲ್ಲಿ ತಾಪ ತುಸು ಏರಿದರೂ ಇಳಿದರೂ ಅದು ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಬಿಸಿಯೇರಿದಂತೆ ಹಿಗ್ಗುವ ಚಟವೂ ಏರುತ್ತದೆ. 20 ಡಿಗ್ರಿಯ ನೀರಿಗಿಂತ 30 ಡಿಗ್ರಿಯ ನೀರು ಒಂದೂವರೆ ಪಟ್ಟಿನಷ್ಟು ಚುರುಕು. ಅಂದರೆ ತಣ್ಣನೆಯ ನಾಡಿನ ಅಂದಾಜನ್ನು ತಿರುಪ್ಪೂರು ಬಳಿಯ ಪಲ್ಲಡಂನ ಕಾದ ನೆಲಕ್ಕೆ ಹಾಗೇ ತಂದು ಹಚ್ಚಿದರೆ ಲೆಕ್ಕ ಕೆಡುತ್ತದೆ. ಕೆರೆಯದೋ ಬಾವಿಯದೋ ನೀರು ಸುತ್ತಲಿನ ಮಣ್ಣಿನ ತಾಪಕ್ಕೆ ಬಂದು ನಿಲ್ಲುವ ತನಕ ಪರೀಕ್ಷೆಯನ್ನೇ ಆರಂಭಿಸುವಂತಿಲ್ಲ, ದಿನಗಳು ಸೋರುವುದು ಇಲ್ಲೇ. ಕೊಳವೆಯುದ್ದಕ್ಕೂ ಹಲವೆಡೆ ತಾಪ ಅಳೆದು, ಪ್ರತಿ ಗಂಟೆಗೆ ಒತ್ತಡ ಎಷ್ಟು ಬದಲಾಗಬೇಕೆಂದು ಲೆಕ್ಕ ಹಾಕಿ, ಗೇಜು ತೋರಿಸಿದ್ದರೊಡನೆ ತಾಳೆ ನೋಡಿದರೆ ಆ ಕಾಯುವಿಕೆ ಬಹಳ ಕುಗ್ಗುತ್ತದೆ. ತುಂಬುವಾಗಲೇ ಗಾಳಿಯನ್ನು ಪೂರ್ತಿ ಹೊರದಬ್ಬಿರಬೇಕು, ಅಷ್ಟೆ.

24 ಗಂಟೆಯಾದರೆ ಹಗಲು–ರಾತ್ರಿ ಎರಡೂ ದಾಟುತ್ತವಲ್ಲ ಎಂಬ ವಾದವಿದೆ. ನೆಲದ ಮೇಲೆ ತೆರೆದುಕೊಂಡ ತುದಿಗಳ ಮಟ್ಟಿಗೆ ಅದು ಸರಿ. ಒಂದು ಮೀಟರ್ ಆಳದ ಮಣ್ಣಿಗೆ ಮಾತ್ರ ದಿನದ ಬಿಸಿಲು ತಟ್ಟುವುದೇ ಇಲ್ಲ. ನೀರೇಕೆ, ಗಾಳಿ ತುಂಬಿದರೆ ಬೇಗ ಆದೀತು ಎನ್ನುವವರಿಗೆ ಉತ್ತರ ಇನ್ನೂ ಕಟು: 100 ಬಾರ್‌ಗೆ ಅದುಮಿದ ಗಾಳಿಯಲ್ಲಿ ಅಡಗುವ ಶಕ್ತಿ, ಅಷ್ಟೇ ಗಾತ್ರದ ನೀರಿನದಕ್ಕಿಂತ ಸುಮಾರು ಸಾವಿರ ಪಟ್ಟು. ಬಿರುಕು ಬಿಟ್ಟರೆ ನೀರು ಚಿಮ್ಮಿ ಸುಮ್ಮನಾಗುತ್ತದೆ, ಗಾಳಿ ಕೊಳವೆಯನ್ನೇ ಸೀಳಿಕೊಂಡು ಓಡುತ್ತದೆ. ಪೂರ್ತಿ ಮಾರ್ಗವನ್ನು ಒಂದೇ ಬಾರಿಗೆ ಪರೀಕ್ಷಿಸುವ ಉಪಾಯವೂ ನಡೆಯದು. ಕೊಚ್ಚಿಯಿಂದ ಇರುಗೂರಿಗೆ ಬರುವ ಹಳೆಯ ಮಾರ್ಗವನ್ನೇ ನೋಡಿ. ಪಾಲಕ್ಕಾಡ್ ಕಣಿವೆ ಏರಿ ಕೊಯಮತ್ತೂರು ಮುಟ್ಟುವಷ್ಟರಲ್ಲಿ ನೆಲ 300 ಮೀಟರಿಗೂ ಹೆಚ್ಚು ಮೇಲೆದ್ದಿರುತ್ತದೆ. ಅಷ್ಟೆತ್ತರದ ನೀರಿನ ಭಾರವೇ ಕೆಳತುದಿಗೆ 30 ಬಾರ್ ಹೆಚ್ಚುವರಿ ಒತ್ತಡ. ಬೆಂಗಳೂರಿನ ದಾರಿಯಲ್ಲಿ ಏರು ಇನ್ನೂ ದೊಡ್ಡದು. ಹಾಗಾಗಿ ತುಂಡು ತುಂಡಾಗಿಯೇ ಪರೀಕ್ಷೆ, ಒಂದು ತುಂಡಿನ ನೀರು ಮುಂದಿನದಕ್ಕೆ. 60 ಸೆಂಟಿಮೀಟರ್ ಅಗಲದ ಕೊಳವೆ ಪ್ರತಿ ಕಿಲೋಮೀಟರಿಗೆ ಸುಮಾರು 2.8 ಲಕ್ಷ ಲೀಟರ್ ನೀರು ಕುಡಿಯುತ್ತದೆ. ಮಳೆ ಕಡಿಮೆಯಾದ, ನೊಯ್ಯಲ್ ನದಿ ಬಣ್ಣದ ಕಾರ್ಖಾನೆಗಳಿಂದ ಕೆಟ್ಟ ಸೀಮೆಯಲ್ಲಿ ಈ ಮರುಬಳಕೆ ಸಮಯದಷ್ಟೇ ನೀರನ್ನೂ ಉಳಿಸುತ್ತದೆ.

ರೈತರ ಆಕ್ಷೇಪಕ್ಕೆ ಮಾತ್ರ ಈ ಯಾವ ಪರೀಕ್ಷೆಯಲ್ಲೂ ಪೂರ್ತಿ ಉತ್ತರವಿಲ್ಲ. 2014ರ ಜೂನ್ 27ರಂದು ಆಂಧ್ರದ ನಗರಂನಲ್ಲಿ ಅನಿಲ ಕೊಳವೆ ಸ್ಫೋಟಿಸಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ವರ್ಷಗಳ ಕಾಲ ಬಳಕೆಯಲ್ಲಿದ್ದ ಆ ಕೊಳವೆಯನ್ನು ತಿಂದದ್ದು ತುಕ್ಕು. ಹೊಸ ಕೊಳವೆಯ ನೀರಿನ ಪರೀಕ್ಷೆ ಆ ದಿನದ ಉಕ್ಕಿಗೆ ಮಾತ್ರ ಸಾಕ್ಷಿ. ಆದ್ದರಿಂದ ಆರಂಭದಲ್ಲಿ ಉಳಿಸಿದ ದಿನಗಳ ಹಣವನ್ನು, ಮುಂದೆ ಕೊಳವೆಯೊಳಗೆ ಸಾಗಿ ಗೋಡೆಯ ದಪ್ಪ ಅಳೆಯುವ ಪಿಗ್ ಯಂತ್ರಗಳನ್ನು ಮತ್ತೆ ಮತ್ತೆ ಓಡಿಸಲು ತೆಗೆದಿಡಬೇಕು. ಅವು ಕಂಡ ತುಕ್ಕಿನ ವರದಿ ಆ ಹೊಲದೊಡೆಯನ ಕೈಗೂ ಸೇರಬೇಕು.