ಪಾದಕ್ಕೆ ತಕ್ಕ ಶೂ

ಸಂಗೀತದ ತಾಳಕ್ಕೆ ಜಿಗಿಯುತ್ತ, ಕೈಕಾಲು ಬೀಸುತ್ತ ಮಾಡುವ ಏರೋಬಿಕ್ಸ್ ಇಂದು ಶಾಲಾ ವಾರ್ಷಿಕೋತ್ಸವದಿಂದ ಹಿಡಿದು ಬಡಾವಣೆಯ ವ್ಯಾಯಾಮಶಾಲೆಯವರೆಗೆ ಎಲ್ಲೆಡೆ ಪರಿಚಿತ. ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ‘ಏರೋಬಿಕ್ಸ್’ ಎಂಬ ಪುಸ್ತಕದಿಂದ ಈ ಪದ ಜನಪ್ರಿಯವಾಯಿತು. ಹೃದಯಕ್ಕೂ ಶ್ವಾಸಕೋಶಕ್ಕೂ ಇದರಿಂದ ಲಾಭವಿದೆ. ಆದರೆ ಪ್ರತಿ ಜಿಗಿತದ ಪೆಟ್ಟನ್ನು ಮೊದಲು ತಾಳಿಕೊಳ್ಳುವುದು 26 ಮೂಳೆಗಳ ಪುಟ್ಟ ಪಾದ. ಅದಕ್ಕೆ ತೊಡಿಸುವ ಶೂ ಹೇಗಿರಬೇಕು?

ಮೆತ್ತೆಯ ಗುಟ್ಟು

ಕ್ರಿಕೆಟ್ ಚೆಂಡು ಹಿಡಿಯುವಾಗ ಆಟಗಾರ ಕೈಗಳನ್ನು ಹಿಂದಕ್ಕೆಳೆಯುವುದೇಕೆಂದು ವಿದ್ಯಾರ್ಥಿಗಳು ಓದಿರುತ್ತಾರೆ. ಚೆಂಡು ನಿಲ್ಲಲು ತೆಗೆದುಕೊಳ್ಳುವ ಕಾಲ ಹೆಚ್ಚಿದರೆ ಕೈಗೆ ಬೀಳುವ ಬಲ ಕಡಿಮೆಯಾಗುತ್ತದೆ. ಪಾದಕ್ಕೂ ಇದೇ ನಿಯಮ. 50 ಕಿಲೋಗ್ರಾಂ ತೂಕದ ಹುಡುಗ 20 ಸೆಂಟಿಮೀಟರ್ ಎತ್ತರಕ್ಕೆ ಜಿಗಿದರೆ, ನೆಲ ಮುಟ್ಟುವಾಗ ಅವನ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. ಈ ಚಲನೆ 0.05 ಸೆಕೆಂಡಿನಲ್ಲಿ ನಿಲ್ಲಬೇಕಾದರೆ ಬೇಕಾಗುವ ಸರಾಸರಿ ಬಲ 2000 ನ್ಯೂಟನ್, 0.1 ಸೆಕೆಂಡಿನಲ್ಲಾದರೆ 1000 ನ್ಯೂಟನ್. ಈ ಕಾಲವನ್ನು ಹೆಚ್ಚಿಸುವ ಕೆಲಸದ ದೊಡ್ಡ ಪಾಲು ಬಾಗುವ ಮಂಡಿಯದು. ಉಳಿದದ್ದರಲ್ಲಿ ಒಂದು ಪಾಲು ಶೂವಿನ ನಡು ಅಟ್ಟೆಯ ಮೆತ್ತೆಯದು. ಆದುದರಿಂದ ಎಂಥ ಶೂ ತೊಟ್ಟರೂ ಮಂಡಿ ಬಾಗಿಸಿಯೇ ಇಳಿಯಬೇಕು.

ಓಟದ ಶೂ ಸಾಕೇ?

ಓಟಗಾರ ಸಾಗುವುದು ಮುಂದಕ್ಕೆ ಮಾತ್ರ. ಏರೋಬಿಕ್ಸ್‌ನಲ್ಲಾದರೋ ಹೆಜ್ಜೆ ಎಡಬಲಕ್ಕೂ ಬೀಳುತ್ತದೆ. ಇಳಿಯುವುದೂ ಹೆಚ್ಚಾಗಿ ಮುಂಗಾಲಿನ ಮೇಲೆ. ಎತ್ತರದ, ತೀರಾ ಮೆತ್ತನೆಯ ಅಟ್ಟೆಯಿದ್ದರೆ ಪಕ್ಕಕ್ಕೆ ಹೆಜ್ಜೆ ಹಾಕುವಾಗ ಕಾಲು ಉಳುಕಬಹುದು. ರೀಬಾಕ್ ಕಂಪನಿ 1982ರಲ್ಲಿ ಮಹಿಳೆಯರ ಏರೋಬಿಕ್ಸ್‌ಗೆಂದೇ ‘ಫ್ರೀಸ್ಟೈಲ್’ ಎಂಬ ಶೂ ತಂದದ್ದು ಇಂಥ ಕುಣಿತವನ್ನು ಗಮನದಲ್ಲಿಟ್ಟುಕೊಂಡೇ. ಹಾಗೆಯೇ ಶಾಲೆಯ ತೆಳು ಅಟ್ಟೆಯ ಬಿಳಿ ಕ್ಯಾನ್ವಾಸ್ ಶೂ ಕವಾಯತಿಗೆ ಸರಿ, ಸಿಮೆಂಟ್ ನೆಲದ ಮೇಲೆ ನಿತ್ಯ ಜಿಗಿಯಲು ಸಾಲದು.

ಅಂಗಡಿಯಲ್ಲಿ ಪರೀಕ್ಷೆ

ಶೂ ಕೊಳ್ಳಲು ಸಂಜೆ ಹೋಗುವುದು ಒಳ್ಳೆಯದು. ದಿನವಿಡೀ ನಡೆದ ಪಾದ ಆ ಹೊತ್ತಿಗೆ ಸ್ವಲ್ಪ ಊದಿರುತ್ತದೆ. ವ್ಯಾಯಾಮದ ಕಾಲುಚೀಲ ಧರಿಸಿ, ಎರಡೂ ಕಾಲಿಗೆ ಹಾಕಿ, ನಿಂತು ನೋಡಬೇಕು. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಹಿಮ್ಮಡಿ ಜಾರಬಾರದು, ಅದನ್ನು ಹಿಡಿಯುವ ಹಿಂಭಾಗ ಒತ್ತಿದರೆ ಕುಸಿಯಬಾರದು. ಶೂವನ್ನು ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವಿನಲ್ಲಲ್ಲ. ಒದ್ದೆ ಬಟ್ಟೆಯಂತೆ ಹಿಂಡಲು ಬರುವ ಶೂ ಬೇಡ. ಕೊನೆಗೆ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಪಕ್ಕಕ್ಕೆ ಹಾಕಿ, ಮೆಲ್ಲಗೆ ಜಿಗಿದು ನೋಡಬೇಕು. ಹಿತವೆನಿಸದ ಶೂ ‘ಹಾಕುತ್ತ ಹಾಕುತ್ತ ಸರಿಹೋಗುತ್ತದೆ’ ಎಂಬ ಮಾತನ್ನು ನಂಬಬಾರದು. ಬೆಲೆ ಹೆಚ್ಚಾದಷ್ಟೂ ರಕ್ಷಣೆ ಹೆಚ್ಚು ಎಂಬುದೂ ತಪ್ಪು ಕಲ್ಪನೆ.

ಪೋಷಕರ ಗಮನಕ್ಕೆ

‘ಬೆಳೆಯುವ ಮಗು, ಎರಡು ವರ್ಷ ಬರಲಿ’ ಎಂದು ದೊಡ್ಡ ಅಳತೆ ಕೊಳ್ಳುವುದು ನಮ್ಮ ಮನೆಗಳ ರೂಢಿ. ಸಡಿಲ ಶೂನಲ್ಲಿ ಪಾದ ಜಾರಿ ಬೊಬ್ಬೆ ಏಳುತ್ತದೆ, ಎಡವುವುದೂ ಉಂಟು. ಅಣ್ಣನ ಹಳೆಯ ಶೂ ತಮ್ಮನಿಗೆ ದಾಟಿಸಿದರೂ ತೊಂದರೆಯೇ. ನೆಲಕ್ಕೆ ತಾಗುವ ರಬ್ಬರು ಸವೆಯುವ ಮೊದಲೇ ಒಳಗಿನ ಮೆತ್ತೆ ಸತ್ವ ಕಳೆದುಕೊಂಡಿರಬಹುದು. ಅಟ್ಟೆಯ ಪಕ್ಕದಲ್ಲಿ ಆಳವಾದ ಸುಕ್ಕು ಮೂಡಿದ್ದರೆ, ಮೇಜಿನ ಮೇಲಿಟ್ಟಾಗ ಶೂ ಒಂದು ಕಡೆ ವಾಲಿದರೆ ಅದರ ಆಯಸ್ಸು ಮುಗಿಯಿತೆಂದೇ ತಿಳಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಸಲ್ಲದು. ಕಾಲು ಇದ್ದಷ್ಟೇ ಶೂ ಇರಬೇಕು.

ಹೊಸ ಶೂ ಕೊಳ್ಳಲು ಸದ್ಯಕ್ಕೆ ಅನುಕೂಲವಿಲ್ಲದಿದ್ದರೆ ವ್ಯಾಯಾಮ ಬಿಡಬೇಕಾಗಿಲ್ಲ. ಮಣ್ಣಿನ ಅಂಗಳದಲ್ಲಿ, ಒಂದು ಕಾಲು ಸದಾ ನೆಲದ ಮೇಲಿರುವಂಥ ಹೆಜ್ಜೆಗಳನ್ನಷ್ಟೇ ಮಾಡಬಹುದು.

ಸುಮಾರು 8ರಿಂದ 14 ವರ್ಷದ ಮಕ್ಕಳಲ್ಲಿ ಹಿಮ್ಮಡಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಹೆಚ್ಚು ಜಿಗಿತದಿಂದ ಅಲ್ಲಿ ನೋವು ಕಾಣಿಸಿಕೊಳ್ಳುವುದುಂಟು. ಮಗು ಕುಂಟುತ್ತ ಮನೆಗೆ ಬಂದರೆ ‘ಸೋಮಾರಿತನದ ನೆಪ’ ಎಂದು ಗದರದೆ, ಜಿಗಿತ ನಿಲ್ಲಿಸಿ ವೈದ್ಯರಿಗೆ ತೋರಿಸುವುದು ಲೇಸು.