ಮನೆಯ ಕಂಪ್ಯೂಟರಿನ ದುರಸ್ತಿ

ದಾಬಸ್‌ಪೇಟೆಯಲ್ಲಿ ಮನೆಯ ಕಂಪ್ಯೂಟರು ಕೆಟ್ಟಿತೆಂದರೆ, ಬಿಡಿಭಾಗಗಳಿಗಾಗಿ ಸುಮಾರು 50 ಕಿಲೋಮೀಟರು ದೂರದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬರಬೇಕಾಗುವುದುಂಟು. ತಂದ ಭಾಗವನ್ನು ಜೋಡಿಸಿದ ಮೇಲೆಯೂ ಯಂತ್ರವು ನಡೆಯದಿದ್ದರೆ ಬೇಸರವಾಗುವುದು ಸಹಜವೇ. ಜ್ವರವೊಂದೇ ಆದರೂ ರೋಗಗಳು ಹಲವಿರುವಂತೆ, ಇಲ್ಲಿಯೂ ಲಕ್ಷಣವೊಂದೇ, ಕಾರಣಗಳು ಅನೇಕ. ಆದುದರಿಂದ ಕೊಳ್ಳುವುದಕ್ಕೆ ಮುಂಚೆ ಪರೀಕ್ಷಿಸುವುದೇ ಮೇಲು.

ಯಂತ್ರವು ಇನ್ನೂ ನಡೆಯುತ್ತಿರುವಾಗಲೇ ಮಕ್ಕಳ ಭಾವಚಿತ್ರಗಳನ್ನೂ ಕಾಗದಪತ್ರಗಳನ್ನೂ ಬೇರೊಂದು ಡಿಸ್ಕಿಗೆ ಪ್ರತಿಮಾಡಿಡತಕ್ಕದ್ದು. ಹಾರ್ಡ್ ಡಿಸ್ಕು ಟಕಟಕನೆ ಸದ್ದುಮಾಡತೊಡಗಿದರೆ ವಿಳಂಬವು ಸಲ್ಲದು. ಭಾಗಗಳನ್ನು ಮತ್ತೆ ಕೊಳ್ಳಬಹುದು. ಕಳೆದುಹೋದ ಚಿತ್ರಗಳನ್ನು ಕೊಳ್ಳಲಾಗದು.

ಗಡಿಯಾರವು ದಿನವೂ ತಪ್ಪುತ್ತಿದ್ದರೆ, ಒಳಗಿರುವ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿಯು ತೀರಿರಬಹುದು. ತಾರೀಖು ತಪ್ಪಿದರೆ ಎಷ್ಟೋ ಇಂಟರ್ನೆಟ್ ಪುಟಗಳು ತೆರೆಯವು. ಯಂತ್ರವು ತಾನಾಗಿ ಆರಿಹೋಗುತ್ತಿದ್ದರೆ, ಫ್ಯಾನಿನಲ್ಲಿ ಧೂಳು ಕಟ್ಟಿ, ಕಾದ ಪ್ರೊಸೆಸರು ತನ್ನನ್ನು ರಕ್ಷಿಸಿಕೊಳ್ಳುತ್ತಿರಬಹುದು. ಬೀಪ್ ಸದ್ದಾಗಿ ಪರದೆಯು ಕಪ್ಪಾಗಿದ್ದರೆ, ವಿದ್ಯುತ್ ತಂತಿಯನ್ನು ಕಿತ್ತು, ರ್‍ಯಾಮ್ ಪಟ್ಟಿಯ ಲೋಹದ ಅಂಚನ್ನು ಮೃದುವಾದ ರಬ್ಬರಿನಿಂದ ಒರಸಿ, ಮತ್ತೆ ಕೂರಿಸಿ ನೋಡಬಹುದು. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ತಂತಿ ಕಿತ್ತ ಮೇಲೆಯೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಟ್ಟುಕೊಳ್ಳಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ, ಯಾವುದರಿಂದ ಗುಣವಾಯಿತೆಂಬುದು ತಿಳಿಯದು, ಹಣವೂ ವ್ಯರ್ಥವಾದೀತು. ಇಷ್ಟಾದ ಮೇಲೆಯೂ ಸರಿಹೋಗದಿದ್ದರೆ, ಆ ಬರಹವನ್ನು ದುರಸ್ತಿಗಾರರ ಕೈಗೆ ಕೊಡಿರಿ. ಅವರ ಶ್ರಮವೂ ನಿಮ್ಮ ವೆಚ್ಚವೂ ಕಡಮೆಯಾಗುವುವು.