ರೊಟ್ಟಿ ಉಳಿದೀತು, ಪಲ್ಯ ಉಳಿದೀತೇ?

ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಚಾದರ, ಟಾವೆಲ್ಲುಗಳ ಕಾರಖಾನೆಗಳ ದೀಪಗಳು ರಾತ್ರಿಯಿಡೀ ಉರಿಯುತ್ತವೆ. ಹಿಂದೆ ಮೊದಲ ಮಳೆಯಾದ ಸಂಜೆ ದೀಪದ ಕೆಳಗೆ ಬಿದ್ದ ಹುಳಗಳನ್ನು ಕಸಬರಿಗೆಯಿಂದ ಗುಡಿಸಬೇಕಾಗುತ್ತಿತ್ತೆಂದು ನಮ್ಮ ಹಿರಿಯರು ಹೇಳುತ್ತಾರೆ. ಈಗ ಅಷ್ಟು ಹುಳಗಳು ಕಾಣುವುದಿಲ್ಲ. ಪೀಡೆ ತೊಲಗಿತೆಂದು ನಾವು ಸಂತೋಷಪಡಬಹುದೇ?

ನೆನಪು ಲೆಕ್ಕವಲ್ಲ, ನಿಜ. ಆದರೆ ಲೆಕ್ಕವಿಟ್ಟವರೂ ಇದ್ದಾರೆ. ಜರ್ಮನಿಯ 63 ಸಂರಕ್ಷಿತ ಸ್ಥಳಗಳಲ್ಲಿ ಬಲೆ ಕಟ್ಟಿ, ಅದರಲ್ಲಿ ಸಿಕ್ಕ ಹಾರುವ ಕೀಟಗಳನ್ನು ತೂಗಿ ನೋಡಿದರು. 1989ರಿಂದ 2016ರವರೆಗೆ, 27 ವರ್ಷಗಳಲ್ಲಿ, ಆ ತೂಕ ಶೇಕಡಾ 75ಕ್ಕಿಂತ ಹೆಚ್ಚು ಇಳಿದಿತ್ತು.

ಕೀಟಗಳು ಇಲ್ಲವಾದರೆ ಏನಾದೀತು? ನಮ್ಮ ಊಟದ ತಾಟನ್ನೇ ನೋಡೋಣ. ಜೋಳದ ಪರಾಗಸ್ಪರ್ಶ ತನ್ನಿಂದ ತಾನೇ, ಇಲ್ಲವೆ ಗಾಳಿಯಿಂದ ಆಗುತ್ತದೆ. ಶೇಂಗಾದ ಹೂವೂ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುತ್ತದೆ. ಆದುದರಿಂದ ರೊಟ್ಟಿ ಉಳಿದೀತು, ಶೇಂಗಾ ಚಟ್ನಿಯೂ ಉಳಿದೀತು. ಆದರೆ ಹೀರೇಕಾಯಿ, ಸೌತೆಕಾಯಿ, ಕುಂಬಳಕಾಯಿಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಜೇನ್ನೊಣವೋ ಪತಂಗವೋ ಪರಾಗವನ್ನು ಒಯ್ದು ಮುಟ್ಟಿಸದಿದ್ದರೆ ಹೀಚು ಉದುರಿಹೋಗುತ್ತದೆ. ಸೂರ್ಯಕಾಂತಿಯಲ್ಲಿ ಜೊಳ್ಳು ಹೆಚ್ಚುತ್ತದೆ. ಉಳ್ಳಾಗಡ್ಡಿಯ ಬೀಜಕ್ಕೂ ಕೀಟಗಳೇ ಬೇಕು. ನಮ್ಮ ಜಿಲ್ಲೆಗೆ ಹೆಸರು ತಂದ ದಾಳಿಂಬೆಗೂ ಜೇನ್ನೊಣದ ನೆರವುಂಟು. ಇನ್ನು ಗುಬ್ಬಿಯನ್ನು ನೋಡಿರಿ. ತಾನು ಕಾಳು ತಿಂದರೂ ಮರಿಗಳಿಗೆ ಉಣಿಸುವುದು ಹುಳಗಳನ್ನೇ.

ಕೀಟಗಳು ಕಡಿಮೆಯಾಗಲು ಕಾರಣ ಒಂದೇ ಅಲ್ಲ. ಬದುವಿನ ಹುಲ್ಲು, ತುಂಬೆ ಹೂಗಳನ್ನು ನಾವು ಬೋಳಿಸುತ್ತೇವೆ. ಹೂ ಬಿಟ್ಟ ಬೆಳೆಗೆ ಔಷಧ ಹೊಡೆಯುತ್ತೇವೆ. ರಾತ್ರಿಯನ್ನು ಹಗಲು ಮಾಡುತ್ತೇವೆ. ದೀಪದ ಸುತ್ತ ಸುತ್ತಿ ಸೋತ ಪತಂಗ ಮೊಟ್ಟೆಯಿಡದೆಯೇ ಸಾಯುವುದುಂಟು.

ಸಾಲ ಮಾಡಿ ಬಿತ್ತಿದ ರೈತನಿಗೆ ಔಷಧವನ್ನೇ ಹೊಡೆಯಬೇಡವೆಂದು ನಾವು ಹೇಳಲಾರೆವು. ಬೆಳೆ ಹೋದರೆ ಮನೆಯೇ ಹೋದಂತೆ. ಆದರೆ ಹೂವಿನ ಕಾಲದಲ್ಲಿ ಆದಷ್ಟು ತಪ್ಪಿಸಬಹುದು. ಹೊಡೆಯಲೇಬೇಕಾದರೆ ಜೇನ್ನೊಣಗಳು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಬಹುದು. ಬದುವಿನ ಒಂದಿಷ್ಟು ಹೂಗಿಡಗಳನ್ನು ಬಿಡಬಹುದು. ಬೇಡವಾದ ದೀಪವನ್ನು ಆರಿಸಬಹುದು. ಪಾಲಕರು ಇದನ್ನು ಯೋಚಿಸಬೇಕೆಂದು ನಮ್ಮ ವಿನಂತಿ.

ವಿದ್ಯಾರ್ಥಿ ಮಿತ್ರರೇ, ನಮಗೂ ಒಂದು ಕೆಲಸವಿದೆ. ವಾರಕ್ಕೊಮ್ಮೆ ಹೀರೇಬಳ್ಳಿಯ ಮುಂದೆಯೋ ತುಂಬೆಗಿಡದ ಮುಂದೆಯೋ ಹತ್ತು ನಿಮಿಷ ಕುಳಿತು, ಎಷ್ಟು ಕೀಟಗಳು ಬಂದವೆಂದು ತಾರೀಖಿನೊಡನೆ ವಹಿಯಲ್ಲಿ ಬರೆದಿಡೋಣ. ಹಿರಿಯರು ನಮಗೆ ನೆನಪನ್ನು ಕೊಟ್ಟರು. ನಾವು ನಮ್ಮ ಕಿರಿಯರಿಗೆ ಲೆಕ್ಕವನ್ನು ಕೊಡೋಣ.